ಕೈಮುಗಿದ ಚಿತ್ರ

ನಮ್ಮ ಬ್ಯಾಂಕಿನ ಹಳಬರು, ಹೊಸಬರು ಎಲ್ಲ ಸೇರಿರುವ ಒಂದು ವಾಟ್ಸಾಪ್ ಬಳಗವಿದೆ. ಬೆಳಗ್ಗೆ ಐದೂವರೆಗೇ ಅಲ್ಲಿ ಶುಭೋದಯಗಳು ಶುರುವಾಗುತ್ತವೆ. ಕಳೆದ ಮಳೆಗಾಲದಲ್ಲೊಂದು ದಿನ ಅವುಗಳ ನಡುವೆ ಮಲಯಾಳದ ಎರಡು ಸಾಲು ಬಂತು. ನಿವೃತ್ತರಾಗಿ ಕಣ್ಣೂರಿನಲ್ಲಿರುವ ನಮ್ಮ ಹಿಂದಿನ ಹೆಡ್ ಕ್ಯಾಷಿಯರರ ಪತ್ನಿ ತೀರಿಕೊಂಡಿದ್ದರು. ನಾನು ಕೌಂಟರಿನಲ್ಲಿದ್ದೆ, ಎದುರಿಗೆ ಐದಾರು ಜನ. ಕೈಮುಗಿದ ಚಿತ್ರವೊಂದನ್ನು ಒತ್ತಿ ಮುಂದಿನವರ ಪಾಸ್‌ಬುಕ್ ಕೈಗೆತ್ತಿಕೊಂಡೆ. ಸಂಜೆ ನೋಡಿದರೆ ಅಂಥವು ಮೂವತ್ತೆಂಟು ಇದ್ದವು. ಅವುಗಳಲ್ಲಿ ನನ್ನದನ್ನು ಹುಡುಕಬೇಕಾಯಿತು.

ಅವರು ಕಾಸರಗೋಡಿಗೆ ವರ್ಗವಾಗಿ ಬಂದಾಗ ಕನ್ನಡದ ಒಂದಕ್ಷರವೂ ತಿಳಿಯದು. ದಿನವೂ ಕಣ್ಣೂರಿನಿಂದ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಬದಿಯಡ್ಕ, ಮುಳ್ಳೇರಿಯ ಕಡೆಯ ನಮ್ಮ ಹಿರಿಯರು ಹಣ ಕಟ್ಟುವ ಚೀಟಿ ಬರೆಯುವುದು ಕನ್ನಡದಲ್ಲೇ. ಅಂಥ ಚೀಟಿಯನ್ನು ಹಿಂದಕ್ಕೆ ತಳ್ಳುವವರೂ ಇದ್ದಾರೆ. ಇವರು ತಳ್ಳಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿನಲ್ಲಿ ನನ್ನಿಂದ ಅಕ್ಷರ ಕಲಿತರು. “ಎಡೋ, ಹಾಲು ನಮ್ಮ ಪಾಲ್, ಹುಲಿ ಪುಲಿ, ಹೂವು ಪೂವ್. ಅರ್ಧ ಕನ್ನಡ ನನಗೆ ಮೊದಲೇ ಬರುತ್ತಿತ್ತಲ್ಲ!” ಎಂದು ನಗುತ್ತಿದ್ದರು. ಒಮ್ಮೆ ಅವರು ಚೀಟಿಯ ಹೆಸರನ್ನು ಓದಿ ಕರೆದಾಗ ಅಜ್ಜಿಯೊಬ್ಬರು ನನ್ನತ್ತ ಬಾಗಿ, “ಇವರು ನಮ್ಮವರೋ?” ಎಂದು ಕೇಳಿದ್ದುಂಟು.

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಯ ನೋಟುಗಳು ರದ್ದಾದವು. 10ರಂದು ಬ್ಯಾಂಕ್ ತೆರೆದಾಗ ಸಾಲು ರಸ್ತೆಯವರೆಗೆ ಬೆಳೆದಿತ್ತು. ಆ ವಾರದ ಒಂದು ಸಂಜೆ ನನ್ನ ಲೆಕ್ಕದಲ್ಲಿ 4000 ರೂಪಾಯಿ ಕಡಿಮೆ ಬಿತ್ತು. ಕಡಿಮೆ ಬಿದ್ದರೆ ಕೈಯಿಂದ ಕಟ್ಟಬೇಕು. ಹಣಕ್ಕಿಂತ ಮಾನದ ಭಯ ದೊಡ್ಡದು. ಅವರು ತಮ್ಮ ರೈಲು ತಪ್ಪಿಸಿಕೊಂಡು ನನ್ನೊಡನೆ ಕುಳಿತು ಒಂದೊಂದೇ ಚೀಟಿ ತಿರುವಿದರು. ರಾತ್ರಿ ಹತ್ತಾದರೂ ಸಿಗಲಿಲ್ಲ. “2000ದ ಹೊಸ ನೋಟು, ಅಂಟಿಕೊಂಡು ಹೋಗಿರಬೇಕು. ಕೊಂಡುಹೋದವರು ತಂದರೆ ಆಯಿತು, ತಾರದಿದ್ದರೆ ಅರ್ಧ ನನ್ನದು” ಎಂದರು. ಯಾರೂ ತರಲಿಲ್ಲ. ಎರಡು ದಿನ ಕಳೆದು ನನ್ನ ಬುತ್ತಿಚೀಲದಲ್ಲಿ ನೂರರ ಇಪ್ಪತ್ತು ನೋಟುಗಳಿದ್ದವು. ನೂರರ ನೋಟಿಗೆ ಊರೆಲ್ಲ ಬಾಯಿಬಿಡುತ್ತಿದ್ದ ದಿನಗಳವು.

ಅಂಥವರ ದುಃಖಕ್ಕೆ ನಾನು ಕಳುಹಿಸಿದ್ದು ಒಂದು ಚಿತ್ರ!

ಮುಂದಿನ ಭಾನುವಾರ ಕಣ್ಣೂರಿಗೆ ಹೋದೆ. ರೈಲಿನಲ್ಲಿ ಒಂದೂವರೆ ಗಂಟೆಯ ದಾರಿ. “ಏಟ್ಟಾ” ಎಂದೆ, ಮುಂದೆ ಮಾತು ಹೊರಡಲಿಲ್ಲ. ಅವರು ಚಹಾ ಮಾಡುತ್ತೇನೆಂದು ಎದ್ದುಹೋಗಿ, ಸಕ್ಕರೆಯ ಡಬ್ಬಿ ಎಲ್ಲಿದೆಯೆಂದು ತಿಳಿಯದೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತುಬಿಟ್ಟರು. ಇಬ್ಬರೂ ಸೇರಿ ಹುಡುಕಿದೆವು.

ವಾಟ್ಸಾಪನ್ನು ನಾನು ದೂರುವುದಿಲ್ಲ. ಅದಿಲ್ಲದಿದ್ದರೆ ಸುದ್ದಿ ಅಷ್ಟು ಬೇಗ ತಿಳಿಯುತ್ತಿರಲಿಲ್ಲ. ಸುದ್ದಿ ತಿಳಿದದ್ದನ್ನೇ ಹೋಗಿಬಂದಂತೆ ಎಂದುಕೊಂಡದ್ದು ನನ್ನ ತಪ್ಪು. ಒಟ್ಟಿಗೆ ದುಡಿದವರ ಋಣ ಬೆರಳ ತುದಿಯಲ್ಲಿ ತೀರುವಂಥದಲ್ಲ. ಈಗ ಎರಡು ತಿಂಗಳಿಗೊಮ್ಮೆಯಾದರೂ ಕಣ್ಣೂರಿಗೆ ಹೋಗಿಬರುತ್ತೇನೆ. ಚಹಾ ನಾನೇ ಮಾಡುತ್ತೇನೆ.