ನಿಲ್ಲದ ಯಂತ್ರ, ನಿಲ್ಲಬೇಕಾದ ಯಂತ್ರ

ದಾಖಲೆ ಎಂಬ ಮಾತು ಕೇಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ. ಅತಿ ಎತ್ತರ, ಅತಿ ವೇಗದ ಜೊತೆಗೆ ಇನ್ನೊಂದು ಬಗೆಯ ದಾಖಲೆಯೂ ಇದೆ. ಅದು ಒಂದು ಯಂತ್ರ ನಡುವೆ ನಿಲ್ಲದೆ ಎಷ್ಟು ದಿನ ಓಡಿತು ಎಂಬುದು.

ಇಂಥ ವಿಶ್ವದಾಖಲೆಯೊಂದು ನಮ್ಮ ನಾಡಿಗೇ ಸಂದಿತ್ತು. ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2016ರ ಮೇ 13ರಂದು ಚಾಲನೆಗೊಂಡು, 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ವಿದ್ಯುತ್ ಉತ್ಪಾದಿಸಿತು. ಅದಕ್ಕೆ ಮುಂಚೆ ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳೇ ದಾಖಲೆಯಾಗಿತ್ತು. ಘಟಕದ ಸಾಮರ್ಥ್ಯ 220 ಮೆಗಾವಾಟ್. ಅದನ್ನು 24 ಗಂಟೆಯಿಂದಲೂ 962 ದಿನಗಳಿಂದಲೂ ಗುಣಿಸಿ ನೋಡಿ, ಸುಮಾರು 500 ಕೋಟಿ ಯೂನಿಟ್ ಬರುತ್ತದೆ.

ಇಂಧನ ಮುಗಿಯುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಕೈಗಾದ್ದು ಭಾರಜಲ ಬಳಸುವ ರಿಯಾಕ್ಟರ್. ಅದರಲ್ಲಿ ಅಡ್ಡಡ್ಡಲಾಗಿ ಜೋಡಿಸಿದ 306 ಕೊಳವೆಗಳಲ್ಲಿ ಯುರೇನಿಯಂ ಇರುತ್ತದೆ. ಕೊಳವೆಯ ಎರಡು ತುದಿಗೂ ಒಂದೊಂದು ಯಂತ್ರ ಬಂದು ಕೂತು, ಒಂದು ಹೊಸ ಇಂಧನವನ್ನು ಒಳಗೆ ನೂಕಿದರೆ ಇನ್ನೊಂದು ಉರಿದದ್ದನ್ನು ಹೊರಗೆ ತೆಗೆದುಕೊಳ್ಳುತ್ತದೆ. ಇದೆಲ್ಲ ರಿಯಾಕ್ಟರ್ ನಡೆಯುತ್ತಿರುವಾಗಲೇ ಆಗುತ್ತದೆ. ಒಲೆ ಆರಿಸದೆ ಸೌದೆ ಹಾಕಿದ ಹಾಗೆ.

ಆದರೂ 962ನೇ ದಿನ ಅದನ್ನು ನಿಲ್ಲಿಸಿದರು. ಕೆಟ್ಟು ನಿಂತದ್ದಲ್ಲ, ಮಾಡಲೇಬೇಕಾದ ತಪಾಸಣೆಗಳು ಕಾದಿದ್ದವು. ಮುಂದೆ ಕೆನಡಾದ ಡಾರ್ಲಿಂಗ್ಟನ್ ಸ್ಥಾವರದ ಘಟಕವೊಂದು 2021ರ ಫೆಬ್ರುವರಿ 5ರವರೆಗೆ 1106 ದಿನ ಓಡಿ ಆ ದಾಖಲೆಯನ್ನು ಮುರಿಯಿತು. ಮುರಿದರೇನಂತೆ! ಸಾವಿರ ದಿನ ದಾಟಿಸುವ ಆಸೆಗೆ ಬೀಳದೆ ನಿಲ್ಲಿಸಿದ್ದೇ ನನಗೆ ಹೆಚ್ಚು ಮೆಚ್ಚಿಗೆಯ ಸಂಗತಿ.

ಗಣಕಯಂತ್ರಗಳ ಲೋಕದಲ್ಲಿ ಈ ಆಸೆ ಇನ್ನೂ ಜೋರು. ದೊಡ್ಡ ಕಂಪ್ಯೂಟರ್‌ಗಳಲ್ಲಿ 'ಅಪ್‌ಟೈಮ್' ಎಂದು ಕೀಲಿಸಿದರೆ, ಕೊನೆಯ ಸಲ ಚಾಲೂ ಆದಾಗಿನಿಂದ ಎಷ್ಟು ದಿನವಾಯಿತೆಂದು ತೆರೆಯ ಮೇಲೆ ಬರುತ್ತದೆ. ಅದನ್ನು ನೋಡಿಕೊಳ್ಳುವವರಿಗೆ ಆ ಸಂಖ್ಯೆ ಬೆಳೆದಷ್ಟೂ ಹೆಮ್ಮೆ. ಆದರೆ ಅದರ ಮೂಲ ತಂತ್ರಾಂಶದಲ್ಲಿ ದೋಷ ಕಂಡುಬಂದು, ತಿದ್ದಿದ ಪ್ರತಿ ಬಂದರೆ, ಸಾಮಾನ್ಯವಾಗಿ ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದ ಮೇಲೆಯೇ ಅದು ಜಾರಿಗೆ ಬರುತ್ತದೆ. ಓಡುತ್ತಿರುವಾಗಲೇ ತಿದ್ದುವ ಉಪಾಯ 2015ರಲ್ಲಿ ಲಿನಕ್ಸ್‌ಗೆ ಸೇರಿತಾದರೂ ಎಲ್ಲ ತಿದ್ದುಪಡಿಗೂ ಅದು ಒದಗದು. ಹಾಗಾಗಿ ಸಾವಿರ ದಿನ ನಿಲ್ಲದ ಯಂತ್ರವೆಂದರೆ, ಸಾವಿರ ದಿನದ ರಿಪೇರಿ ಬಾಕಿ ಇರುವ ಯಂತ್ರವೂ ಆಗಿರಬಹುದು.

ಇಲ್ಲಿ ಒಂದು ಲೆಕ್ಕ ಕೊಡುತ್ತೇನೆ, ಮಕ್ಕಳು ಮಾಡಿ ನೋಡಲಿ. ಹಳೆಯ ಲಿನಕ್ಸ್ ಯಂತ್ರಗಳು ಸೆಕೆಂಡಿಗೆ 100ರಂತೆ ಎಣಿಸುತ್ತಿದ್ದವು. ಎಣಿಸುವ ಜಾಗ 32 ಬಿಟ್, ಅಂದರೆ 429 ಕೋಟಿಗೆ ತುಸು ಹೆಚ್ಚು. ಭಾಗಿಸಿದರೆ 497 ದಿನ. ಅಲ್ಲಿಗೆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತಿತ್ತು, ದಾಖಲೆ ಅಳಿಸಿಹೋಗುತ್ತಿತ್ತು. ಇದೇನೋ ತಮಾಷೆ. ಆದರೆ ಬೋಯಿಂಗ್ 787 ವಿಮಾನದ ವಿದ್ಯುತ್ ನಿಯಂತ್ರಕಗಳನ್ನು 248 ದಿನ ಒಮ್ಮೆಯೂ ಆರಿಸದಿದ್ದರೆ ಅವು ಒಟ್ಟಿಗೇ ಕೈಕೊಡಬಹುದೆಂದು 2015ರಲ್ಲಿ ಗೊತ್ತಾಯಿತು. 497ರ ಅರ್ಧ ಸುಮಾರು 248 ಎಂಬುದನ್ನು ಗಮನಿಸಿ. ನಡುನಡುವೆ ವಿದ್ಯುತ್ ಆರಿಸಿ ಹೊತ್ತಿಸಬೇಕೆಂದು ಅಮೆರಿಕದ ವಿಮಾನಯಾನ ಆಡಳಿತ ಆಗ ಆದೇಶವನ್ನೇ ಹೊರಡಿಸಿತು.

ನಮ್ಮ ಅರಿಶಿನಕುಂಟೆಯ ಪಕ್ಕದ ಹೆದ್ದಾರಿಯಲ್ಲಿ ಲಾರಿಯವರು ಬದಿಗೆ ನಿಲ್ಲಿಸಿ ಟೈರುಗಳಿಗೆ ರಾಡಿನಿಂದ ಬಡಿದು ನೋಡುತ್ತಾರೆ. ಅವರನ್ನು ಯಾರೂ ಸೋಮಾರಿಗಳೆನ್ನುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಈ ವಿವೇಕ ನಮಗೆ ಮರೆತುಹೋಗುತ್ತದೆ.

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯ ಹುಡುಗನೊಬ್ಬ ಕೆನ್ನೆ ಊದಿಸಿಕೊಂಡು, ಜ್ವರದಲ್ಲಿ ಬೇಯುತ್ತಾ ಶಾಲೆಗೆ ಬಂದ. ಮಂಗನಬಾವು. "ಒಂದು ದಿನಾನೂ ತಪ್ಪಿಸಿಲ್ಲ ಸಾರ್, ಪ್ರೈಜು ಹೋಗುತ್ತೆ" ಎಂದು ಅಳತೊಡಗಿದ. ಕರೆದೊಯ್ಯಲು ಬಂದ ತಾಯಿ, "ನಾನೆಷ್ಟು ಹೇಳಿದ್ರೂ ಕೇಳ್ಲಿಲ್ಲ ಮೇಷ್ಟ್ರೇ, ಅವರಪ್ಪಂಗೂ ಅದೇ ಆಸೆ" ಎಂದರು. ಮೂರು ವಾರದೊಳಗೆ ಅದೇ ಬೆಂಚಿನ ಇನ್ನಿಬ್ಬರು ಹಾಸಿಗೆ ಹಿಡಿದರು. ಪೂರ್ಣ ಹಾಜರಿಯ ಬಹುಮಾನಕ್ಕೆ ತೆತ್ತ ಬೆಲೆ ಅದು.

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಸುಮ್ಮಸುಮ್ಮನೆ ಚಕ್ಕರ್ ಹೊಡೆಯುವವರಿಗೆ ಈ ಲೇಖನದಲ್ಲಿ ರಕ್ಷಣೆಯಿಲ್ಲ! ಆದರೆ ಜ್ವರ ಬಂದ ದಿನ ಮಲಗುವುದು, ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಮಾಡುವುದು, ಇವು ಓದಿಗೆ ಬಿದ್ದ ತಡೆಗಳಲ್ಲ, ಓದಿನ ಭಾಗಗಳೇ. ಕಾಯಿಲೆಯಾದಾಗ ಮನೆಯಲ್ಲಿದ್ದು, ಗುಣವಾದ ಮೇಲೆ ಗೆಳೆಯರ ಟಿಪ್ಪಣಿ ಬರೆದುಕೊಂಡು ಪಾಠ ಸರಿದೂಗಿಸಿಕೊಂಡ ವಿದ್ಯಾರ್ಥಿಗೂ ವಾರ್ಷಿಕೋತ್ಸವದಲ್ಲಿ ಒಂದು ಬಹುಮಾನವಿರಲಿ ಎಂಬುದು ನನ್ನ ಸಲಹೆ. ತಂದೆತಾಯಿಗಳು ಒಪ್ಪಿದರೆ ಶಾಲೆಗಳೂ ಒಪ್ಪಿಯಾವು.