ಶಿಸ್ತು ಯಾರಿಗಿಲ್ಲ ಕೋಚ್ ಸಾರ್?

ನಿನ್ನೆ ಬೆಂಗಳೂರಲ್ಲಿ ನಮ್ಮ ಹುಡುಗರ ಕಾಲೇಜು ಫುಟ್‌ಬಾಲ್ ಟೀಮು ಮತ್ತೆ ಸೋತಿತು. ಸತತ ನಾಲ್ಕನೇ ಮ್ಯಾಚು. ಮಾರಿಕುಪ್ಪಂನಿಂದ ರೈಲು ಹತ್ತಿ ನೋಡೋಕೆ ಹೋಗಿದ್ವಿ. ಡಿಫೆನ್ಸು ಬಾಗಿಲು ತೆಗೆದಿಟ್ಟಂಗಿತ್ತು. ನಮ್ಮ ಬೀದಿಯ ಸ್ಟ್ರೈಕರ್ ಕೊನೇ ನಿಮಿಷದವರೆಗೂ ಬೆಂಚಲ್ಲೇ. ಯಾಕೆ ಸಾರ್ ಅಂದ್ರೆ, "ಬೆಳಗ್ಗೆ ಪ್ರಾಕ್ಟೀಸಿಗೆ ಲೇಟು. ಈ ಕೆಜಿಎಫ್ ಲೈನ್ ಹುಡುಗ್ರಿಗೆ ಶಿಸ್ತಿಲ್ಲ" ಅಂದ್ರು.

ರೈಲು ಲೇಟಾದ್ರೆ ಅವನೇನು ಮಾಡ್ತಾನೆ? 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೂಲಿಗೂ ಓದಿಗೂ ನಮಗೆ ಈ ರೈಲೇ ಗತಿ. ಅವನ ತಾತ ಚಾಂಪಿಯನ್ ರೀಫ್‌ನಲ್ಲಿ ನೆಲದಡಿ ದುಡಿದು, ಶಿಫ್ಟ್ ಮುಗಿಸಿ ಬರಿಗಾಲಲ್ಲಿ ಚೆಂಡು ಒದ್ದೋರು. ಸೈರನ್ನಿಗೆ ಬದುಕಿದ ಜನಕ್ಕೆ ಶಿಸ್ತಿನ ಪಾಠ! (ಕೋಚ್ ಸಾಹೇಬ್ರು ಬಂದಿದ್ದೇ ಕಿಕಾಫ್ ಆದ್ಮೇಲೆ.)

ಪ್ರಾಕ್ಟೀಸನ್ನ ಕ್ಲಾಸ್ ಮುಗಿದ ಮೇಲಿಡಿ ಅಂತ ಪ್ರಿನ್ಸಿಪಾಲರಿಗೆ ಅರ್ಜಿ ಬರೆದಿದ್ದೀವಿ. ಸೋಮವಾರ ಕೊಡ್ತೀವಿ, ಬರೋರು ಬನ್ನಿ. ಜೈ ಭೀಮ್.