ಮೋರಿಯ ಅಗಲ, ಜಲಾನಯನದ ಲೆಕ್ಕ

ಒಂದು ಕೆರೆಗೋ ಹಳ್ಳಕ್ಕೋ ಮಳೆನೀರನ್ನು ಹರಿಸಿಕೊಡುವ ಅಷ್ಟೂ ನೆಲವನ್ನು ಜಲಾನಯನ ಪ್ರದೇಶವೆನ್ನುತ್ತಾರೆ. ಬೆಂಗಳೂರು ದಿಣ್ಣೆಯ ಮೇಲಿರುವುದರಿಂದ ವೃಷಭಾವತಿ ಕಣಿವೆಯ ನೀರು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರಿದರೆ, ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳದ್ದು ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಇಂಥಲ್ಲಿ ರಸ್ತೆ, ಬಡಾವಣೆಗಳ ನಕ್ಷೆಯನ್ನು ಪರಿಶೀಲಿಸುವ ಜಲಾನಯನ ಯೋಜಕನು ಕಾಮಗಾರಿಯ ಗಡಿಯಾಚೆಗೇ ಹೆಚ್ಚು ನೋಡಬೇಕಾಗುತ್ತದೆ, ಏಕೆಂದರೆ 1 ಹೆಕ್ಟೇರಿನ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ ಬೀಳುವ 1 ಲಕ್ಷ ಲೀಟರ್ ನೀರಿನಲ್ಲಿ ಒಣ ಹೊಲ ಬಹುಪಾಲನ್ನು ಇಂಗಿಸಿಕೊಳ್ಳುತ್ತದೆ, ಕಾಂಕ್ರೀಟು ಹೆಚ್ಚುಕಡಿಮೆ ಎಲ್ಲವನ್ನೂ ಹರಿಯಬಿಡುತ್ತದೆ. ಹೀಗೆ ಹರಿದುಹೋಗುವ ಪಾಲನ್ನು ಹರಿವಿನ ಗುಣಾಂಕವೆನ್ನುತ್ತಾರೆ. ಮೋರಿಯ ಅಗಲ ಇದನ್ನೇ ನೆಚ್ಚಿಕೊಂಡಿರುತ್ತದೆ. ಹೊಲವಿದ್ದ ಕಾಲದ ಗುಣಾಂಕವನ್ನೇ ಹಿಡಿದು ಕಟ್ಟಿದ ಮೋರಿ ಕಡತದಲ್ಲಿ ಸರಿಯಾಗಿಯೇ ಕಾಣುತ್ತದೆ (ಕಡತದಲ್ಲಿ ನೀರು ಎಂದೂ ಉಕ್ಕದು), ಆದರೆ ಜೋರು ಮಳೆಗೆ ಎತ್ತರಿಸಿದ ರಸ್ತೆಯೇ ಕೆರೆ ಏರಿಯಂತೆ ಅಡ್ಡ ನಿಂತು, ಹೆಚ್ಚಿದ ನೀರು ಹೊರಹೋಗಲು ಕೋಡಿಯಿಲ್ಲದೆ ಪಕ್ಕದ ಮನೆಗಳಿಗೆ ನುಗ್ಗುತ್ತದೆ. ಕೆರೆ ಮತ್ತು ರಾಜಕಾಲುವೆಗಳ (ಮಳೆನೀರಿನ ದೊಡ್ಡ ಕಾಲುವೆಗಳ) ಅಂಚಿನಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ವಲಯವನ್ನು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಿಗ್ಗಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಆ ನಿರ್ದೇಶನವನ್ನು ರದ್ದುಪಡಿಸಿತು. ವ್ಯಾಜ್ಯವೆಲ್ಲ ಈ ಅಂಚಿನ ಮೀಟರುಗಳ ಸುತ್ತಲೇ ನಡೆದು, ಮೇಲಿನ ಬಡಾವಣೆಗಳಿಂದ ಇಳಿದುಬರುವ ಒಟ್ಟು ಹರಿವನ್ನು ಕೂಡಿಸಿ ನೋಡುವ ಕೆಲಸ ಹಿಂದೆ ಬಿದ್ದಿದೆ.